ಬರುವುದು ಪ್ಲಸ್, ಹೋಗುವುದು ಮೈನಸ್

ನಾನು ಸಿಡುಕ. ಕಾರವಾರದಲ್ಲಿ ನನ್ನ ಕೈಯಲ್ಲಿ ಫಿಸಿಕ್ಸ್ ಕಲಿತ ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ. ತಪ್ಪು ಲೆಕ್ಕ ಕಂಡರೆ ನನಗೆ ಮೈ ಉರಿಯುತ್ತದೆ. ಉತ್ತರದ ಮುಂದೆ ಪ್ಲಸ್ಸೋ ಮೈನಸ್ಸೋ ಬರೆಯದೆ ಬಿಟ್ಟವರ ನೋಟುಪುಸ್ತಕವನ್ನು ಕಿಟಕಿಯಿಂದ ಹೊರಗೆ ಎಸೆದದ್ದುಂಟು. ಮೂವತ್ತು ವರ್ಷ ಹೀಗೆ ಹಾರಾಡಿದ ಮನುಷ್ಯ ಒಂದು ತಪ್ಪನ್ನು ಕಣ್ಣಾರೆ ಕಂಡು ಹದಿನೇಳು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಯಾಕೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ತಪ್ಪು ನೀತಾಳದ್ದು. ಅಂಕೋಲೆಯ ಕೇಣಿಯ ಹುಡುಗಿ, ಮೀನುಗಾರ ತುಳಸಿದಾಸನ ಮಗಳು. ಎರಡು ಸಾವಿರದ ಇಸವಿಯಲ್ಲಿ ನನ್ನ ಬಿ.ಎಸ್ಸಿ. ಕ್ಲಾಸಿನಲ್ಲಿದ್ದಳು. ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ನಾನು ಬೈದರೆ ಉಳಿದ ಹುಡುಗಿಯರು ತಲೆ ತಗ್ಗಿಸುತ್ತಿದ್ದರು, ಇವಳು ಮಾತ್ರ ಎದ್ದು ನಿಂತು "ಎಲ್ಲಿ ತಪ್ಪು ಸರ್?" ಎಂದು ಕೇಳುತ್ತಿದ್ದಳು. ನನಗೆ ಮಕ್ಕಳಿಲ್ಲ. ಅದನ್ನು ಇಲ್ಲಿ ಹೇಳುವ ಅಗತ್ಯವಿತ್ತೋ ಇಲ್ಲವೋ, ಹೇಳಿಬಿಟ್ಟೆ.

ಆ ವರ್ಷ ಚಲನೆಯ ಪಾಠಕ್ಕೆ ಎಲ್ಲರನ್ನೂ ಬೈತಖೋಲ ಬಂದರಿಗೆ ಕರೆದುಕೊಂಡು ಹೋಗಿದ್ದೆ. ದೋಣಿಗಳನ್ನು ತೋರಿಸಿ, ನಮ್ಮಿಂದ ದೂರ ಹೋಗುವುದನ್ನು ಪ್ಲಸ್ ಎಂದು ಬರೆದುಕೊಳ್ಳಿ, ಬರುವುದನ್ನು ಮೈನಸ್ ಎನ್ನಿ ಎಂದೆ. ಪುಸ್ತಕದಲ್ಲಿ ಹಾಗೇ ಇತ್ತು. ನೀತಾ ಪೆನ್ನು ಎತ್ತಲಿಲ್ಲ. "ಸರ್, ನಮ್ಮಲ್ಲಿ ಹೋಗೂ ದೋಣಿ ಎಣಿಸೂದಿಲ್ಲ. ಎಣಿಸ್ಬಾರ್ದು. ಆಯಿ ದಂಡೆ ಮೇಲೆ ಕೂತು ಬರೂದನ್ನೇ ಎಣಿಸ್ತಾಳೆ," ಎಂದಳು. ಆಯಿ ಎಂದರೆ ಅವಳ ತಾಯಿ. ಅವರ ಕೇರಿಯಲ್ಲಿ ಕಡಲಿಗೆ ಇಳಿಯುವ ದೋಣಿಗೆ ಯಾರೂ ಬೆರಳು ಮಾಡುವುದಿಲ್ಲವಂತೆ, ಮರಳಿ ಕಂಡ ದೋಣಿಯೇ ಒಂದು, ಎರಡು, ಮೂರು. ನನಗೆ ಅದು ಎಷ್ಟು ಹಿಡಿಸಿತೆಂದರೆ ಅಲ್ಲೇ ಪುಸ್ತಕ ಮಡಚಿದೆ. "ಹಾಗಾದರೆ ಬರುವುದು ಪ್ಲಸ್, ಹೋಗುವುದು ಮೈನಸ್. ಚಿಹ್ನೆ ನಮ್ಮಿಷ್ಟ, ಕೊನೆಯವರೆಗೆ ಒಂದೇ ಇಟ್ಟುಕೊಂಡರೆ ಆಯಿತು," ಎಂದೆ. ಮುಂದಿನ ಎಲ್ಲ ವರ್ಷಗಳ ಮಕ್ಕಳಿಗೂ ಹಾಗೇ ಕಲಿಸಿದೆ. ಸ್ಟಾಫ್ ರೂಮಿನಲ್ಲಿ ಈ ಕತೆ ಹೇಳಿ ಬೆನ್ನು ತಟ್ಟಿಸಿಕೊಂಡೆ.

ನೀತಾ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಪುಣೆಯ ಕಡೆ ಸಂಶೋಧನೆಗೆ ಸೇರಿದಳು. ಅವಳ ವಿಷಯ ಕುಬ್ಜ ಗ್ಯಾಲಕ್ಸಿಗಳು, ಅಂದರೆ ನಮ್ಮ ಆಕಾಶಗಂಗೆಯ ಮುಂದೆ ಹಿಡಿಯಷ್ಟಿರುವ ಸಣ್ಣ ನಕ್ಷತ್ರಲೋಕಗಳು. ಅವುಗಳಲ್ಲಿ ನಕ್ಷತ್ರಕ್ಕಿಂತ ಜಲಜನಕದ ಅನಿಲವೇ ಹೆಚ್ಚು. ಆ ಅನಿಲ ಸುಮ್ಮನಿರುವುದಿಲ್ಲ, ಕಲಕಿದ ನೀರಿನಂತೆ ಸದಾ ತಳಮಳಿಸುತ್ತಿರುತ್ತದೆ. ಅದನ್ನು ಕಲಕುವುದು ಯಾರು ಎಂಬುದೇ ಪ್ರಶ್ನೆ. ಭಾರಿ ನಕ್ಷತ್ರಗಳು ಹುಟ್ಟಿ, ಬಿರುಗಾಳಿ ಊದಿ, ಕೊನೆಗೆ ಸಿಡಿದು ಅನಿಲವನ್ನು ಹೊರಕ್ಕೆ ನೂಕುತ್ತವೆ ಎಂದು ಒಂದು ಪಕ್ಷ. ಅಲ್ಲ, ಹೊರಗಿನ ಅನಿಲ ಒಳಗೆ ಬೀಳುವುದರಿಂದಲೇ ಕಲಕುತ್ತದೆ, ಆ ಬಿದ್ದ ಅನಿಲದಿಂದಲೇ ನಕ್ಷತ್ರಗಳು ಹುಟ್ಟುತ್ತವೆ ಎಂದು ಇನ್ನೊಂದು ಪಕ್ಷ. ರೇಡಿಯೋ ದೂರದರ್ಶಕದಲ್ಲಿ ಐದು ಗ್ಯಾಲಕ್ಸಿಗಳನ್ನು ಐದು ವರ್ಷ ನೋಡಿ ನೀತಾ ಮೊದಲನೆಯ ಪಕ್ಷಕ್ಕೆ ಸಾಕ್ಷಿ ಸಿಕ್ಕಿತು ಎಂದಳು. ನಾನು ತಡಮಾಡಲಿಲ್ಲ, ಇಲ್ಲಿಯ ವಾರಪತ್ರಿಕೆಗೆ ಲೇಖನ ಬರೆದೇಬಿಟ್ಟೆ. ಅಂಕೋಲೆಯ ಮಗಳು ಕಂಡಳು, ನಕ್ಷತ್ರಗಳು ತಮ್ಮ ಮನೆಯ ಅನಿಲವನ್ನು ಹೊರಗೆ ಊದುತ್ತವೆ ಎಂದು. ಆಗಸ್ಟ್ ಹದಿನೈದರ ಸಂಚಿಕೆಯಲ್ಲಿ ಅರ್ಧ ಪುಟ, ನನ್ನ ಫೋಟೋ ಸಹಿತ. ಎರಡು ಸಾವಿರದ ಏಳರ ಮಾತು.

ಅದೇ ತಿಂಗಳ ಇಪ್ಪತ್ತೇಳಕ್ಕೆ ಅವಳ ಪ್ರಬಂಧದ ಕರಡು ಕಾರವಾರದ ಪಕ್ಕದ ಕದ್ವಾಡದ ನಮ್ಮ ಮನೆಗೆ ಕೊರಿಯರಿನಲ್ಲಿ ಬಂತು. ಜೊತೆಗೆ ಒಂದು ಚೀಟಿ. ಸೆಪ್ಟೆಂಬರ್ ಹತ್ತಕ್ಕೆ ಕೊಡಬೇಕು ಸರ್, ನೀವು ಒಮ್ಮೆ ಕಣ್ಣಾಡಿಸಿದರೆ ನನಗೆ ಸಮಾಧಾನ, ಏನಾದರೂ ಕಂಡರೆ ಫೋನ್ ಮಾಡಿ. ಪ್ರಬಂಧ ಒಪ್ಪಿಗೆಯಾದರೆ ಜನವರಿಯಿಂದ ಗೋವೆಯ ಒಂದು ಕಾಲೇಜಿನಲ್ಲಿ ಅವಳಿಗೆ ಕೆಲಸ ನಿಶ್ಚಯವಾಗಿತ್ತು.

ಮೂರು ದಿನ ಓದಿದೆ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ನಾನು ಡಿಗ್ರಿ ಕಾಲೇಜಿನ ಮಾಸ್ತರ. ಕೊನೆಗೆ ಅನುಬಂಧಕ್ಕೆ ಬಂದಾಗ ಉಸಿರು ಬಿಟ್ಟೆ. ಅಲ್ಲಿ ಬರೀ ಅಂಕಿಗಳಿದ್ದವು, ಅಂಕಿ ನನ್ನ ಹೊಲ. ಹಳೆಯ ಕ್ಯಾಲ್ಕ್ಯುಲೇಟರ್ ತೆಗೆದು ಸುಮ್ಮನೆ ಒಂದೊಂದೇ ಸಾಲು ಗುಣಿಸಿ ನೋಡತೊಡಗಿದೆ.

ನೂರ ನಲವತ್ತಮೂರನೆಯ ಪುಟದಲ್ಲಿ ಸಿಕ್ಕಿಬಿದ್ದೆ. ಐದನೆಯ ಗ್ಯಾಲಕ್ಸಿಯಲ್ಲಿ ಭಾರಿ ನಕ್ಷತ್ರಗಳ ಒಂದು ಗುಂಪು, ಆ ಗುಂಪಿಗೂ ನಮಗೂ ನಡುವೆ ಒಂದು ಅನಿಲದ ಮೋಡ. ಮೋಡ ನಮ್ಮ ಕಡೆ ಬರುತ್ತಿದ್ದರೆ ನಕ್ಷತ್ರಗಳು ಅದನ್ನು ಹೊರಗೆ ನೂಕಿವೆ. ನಮ್ಮಿಂದ ದೂರ ಹೋಗುತ್ತಿದ್ದರೆ ಅದು ನಕ್ಷತ್ರಗಳ ಮೇಲೆ ಬೀಳುತ್ತಿದೆ. ಪ್ರಬಂಧ ಪೂರ್ತಿ ನಿಂತದ್ದು ಈ ಒಂದು ಮೋಡದ ಮೇಲೆ. ಕೋಷ್ಟಕದಲ್ಲಿ ಅದರ ವೇಗ ಸೆಕೆಂಡಿಗೆ ಹದಿನಾಲ್ಕು ಕಿಲೋಮೀಟರ್, ಮುಂದೆ ಪ್ಲಸ್. ಬರುವುದು ಪ್ಲಸ್ ಎಂದು ಕೆಳಗೆ ಅಡಿಟಿಪ್ಪಣಿ. ನೋಡಿ ಎದೆ ಉಬ್ಬಿತು. ಆದರೆ ಅದೇ ಸಾಲಿನಲ್ಲಿ ಮೋಡದಿಂದ ಬಂದ ರೇಡಿಯೋ ಅಲೆಯ ಕಂಪನಸಂಖ್ಯೆಯೂ ಇತ್ತು. ಅದು ಇರಬೇಕಾದ್ದಕ್ಕಿಂತ ಅರವತ್ತಾರು ಕಿಲೋಹರ್ಟ್ಸ್ ಕಡಿಮೆ.

ಕೊಂಕಣ ರೈಲು ನಮ್ಮ ಕಡೆ ಬರುವಾಗ ಸೀಟಿ ಕೀರಲು, ದಾಟಿ ಹೋದ ಮೇಲೆ ದಪ್ಪ. ಇದು ಪಿಯುಸಿ ಪಾಠ. ಕಂಪನಸಂಖ್ಯೆ ಕಡಿಮೆಯಾದರೆ ಮೋಡ ದೂರ ಹೋಗುತ್ತಿದೆ ಎಂದೇ ಅರ್ಥ. ಮೂರು ಸಲ ಗುಣಿಸಿದೆ, ಮೂರು ಸಲವೂ ಅದೇ. ನಡೆದದ್ದೇನೆಂದು ಬೇಗನೇ ತಿಳಿಯಿತು. ಲೋಕದ ಖಗೋಳದವರೆಲ್ಲ ಹೋಗುವುದನ್ನು ಪ್ಲಸ್ ಎನ್ನುತ್ತಾರೆ, ದೂರದರ್ಶಕದ ಕಂಪ್ಯೂಟರೂ ಹಾಗೇ ಕೊಡುತ್ತದೆ. ನೀತಾ ಮಾತ್ರ ಬೈತಖೋಲದ ಚಿಹ್ನೆಯನ್ನೇ ಹಿಡಿದು ತನ್ನ ಲೆಕ್ಕದ ಪ್ರೋಗ್ರಾಂ ಬರೆದಿದ್ದಳು, ಬಂದ ಪ್ರತಿ ಕೋಷ್ಟಕದ ಚಿಹ್ನೆಯನ್ನೂ ತಿರುಗಿಸಿಕೊಂಡು ಬಳಸಿದ್ದಳು. ಈ ಒಂದನ್ನು ತಿರುಗಿಸಲು ಮರೆತಿದ್ದಳು. ಅವಳ ಗೈಡು ಆ ವರ್ಷವೆಲ್ಲ ದೇಶ ಸುತ್ತುತ್ತಿದ್ದರು, ಅನುಬಂಧ ಯಾರು ಓದುತ್ತಾರೆ? ನಕ್ಷತ್ರಗಳು ಅನಿಲವನ್ನು ಊದಿಲ್ಲ. ಅನಿಲವೇ ಬಂದು ಬಿದ್ದು ನಕ್ಷತ್ರಗಳನ್ನು ಸಾಕುತ್ತಿದೆ.

ಅವತ್ತು ಗುರುವಾರ, ಆಗಸ್ಟ್ ಮೂವತ್ತು. ಅವತ್ತೇ ಫೋನ್ ಮಾಡಬಹುದಿತ್ತು. ಮೊದಲೆರಡು ದಿನ ನನ್ನ ಮೇಲೇ ನನಗೆ ಸಂಶಯ. ಪುಣೆಯವರು ಕಾಣದ್ದನ್ನು ಕದ್ವಾಡದಲ್ಲಿ ಕೂತು ನಾನು ಕಂಡೆನೇ, ಹೇಳಿ ನಗೆಪಾಟಲಾಗುವುದು ಬೇಡ ಎಂದುಕೊಂಡೆ. ಮೂರನೆಯ ದಿನ ಸಂಶಯ ಹೋಯಿತು, ನಾಚಿಕೆ ಬಂತು. ಈ ಚಿಹ್ನೆ ಕಲಿಸಿದವನು ನಾನು. ಎಲ್ಲಿ ತಪ್ಪು ಸರ್ ಎಂದು ಅವಳು ಕೇಳಿದರೆ, ಬೈತಖೋಲದಲ್ಲಿ ಎನ್ನಬೇಕು. ಮೇಲೆ ಪತ್ರಿಕೆಯಲ್ಲಿ ನನ್ನ ಫೋಟೋ ಬೇರೆ. ಪೇಟೆಯಲ್ಲಿ ಕಂಡವರೆಲ್ಲ ನಿಲ್ಲಿಸಿ ಹೊಗಳುತ್ತಿದ್ದರು. ಇಂಥ ಸಣ್ಣತನಕ್ಕೆ ಒಬ್ಬಳ ಐದು ವರ್ಷವನ್ನು ಒತ್ತೆಯಿಟ್ಟೆ ಎಂದು ಬರೆಯುವಾಗ ಈಗಲೂ ಮುಖ ಸುಡುತ್ತದೆ.

ಹೆಂಡತಿ ಗೋದಾವರಿಗೆ ಗುಣಾಕಾರ ಬರುತ್ತದೆ, ಗ್ಯಾಲಕ್ಸಿ ಬರುವುದಿಲ್ಲ. ನನ್ನ ಮುಖ ಓದುವುದು ಮಾತ್ರ ಚೆನ್ನಾಗಿ ಬರುತ್ತದೆ.

"ಎಂತಾ ಆಯ್ತು ನಿಮ್ಗೆ? ನಾಲ್ಕ್ ದಿನ ಆಯ್ತು, ಸಮಾ ಊಟ ಮಾಡೂದಿಲ್ಲ, ನನ್ ಮೇಲೆ ಸಿಡುಕೂದೂ ಇಲ್ಲ," ಎಂದಳು.

ಹೇಳಿದೆ. ಹೇಳದಿದ್ದರೆ ಬಿಡುವವಳಲ್ಲ.

"ಹಂಗಾರೆ ಫೋನ್ ಮಾಡಿ. ಹುಡುಗಿಗೆ ಹತ್ತನೇ ತಾರೀಖಲ್ವಾ?"

"ನೋಡುವಾ."

"ನೋಡೂದೆಂತಾ? ಮಂದಿ ಮಕ್ಕಳು ತಪ್ಪಿದ್ರೆ ಪುಸ್ತಕ ಬಿಸಾಡ್ತ್ರಿ. ನಿಮ್ದು ತಪ್ಪಿದ್ರೆ ನೋಡುವಾ?"

ಎಂಟನೆಯ ತಾರೀಖು ಫೋನ್ ಮಾಡಿದೆ. ಗೋದಾವರಿ ತರಕಾರಿ ಹೆಚ್ಚುವುದನ್ನು ಬಿಟ್ಟು ಪಕ್ಕದಲ್ಲೇ ನಿಂತಿದ್ದಳು. ಅತ್ತ ನೀತಾ ಎತ್ತಿದಳು. "ಓದಿದ್ರಾ ಸರ್?" ಎಂದಳು. ಓದಿದೆ ಎಂದೆ. "ಎಲ್ಲಾ ಸರಿ ಇದ್ಯಾ?" ಎಂದಳು. ಭಾಷೆ ಚೆನ್ನಾಗಿದೆ, ಎರಡು ಕಡೆ ಪೂರ್ಣವಿರಾಮ ಬಿಟ್ಟಿದ್ದೀ ಎಂದೆ. ಅವಳು ನಕ್ಕು, "ನೀವು ಓದಿದ್ರಿ ಅಂದ್ರೆ ನಂಗೆ ಧೈರ್ಯ ಸರ್, ಸೋಮವಾರ ಕೊಟ್ಟು ಚೌತಿಗೆ ಮನೆಗೆ ಬರ್ತೆ," ಎಂದಳು. ರಿಸೀವರ್ ಇಟ್ಟೆ. ಗೋದಾವರಿ ನನ್ನನ್ನು ಒಂದು ನೋಟ ನೋಡಿ ಒಳಗೆ ಹೋದಳು.

ಸೋಮವಾರ ಅವಳು ಪ್ರಬಂಧ ಕೊಟ್ಟಳು. ನಾನು ಕ್ಲಾಸಿನಲ್ಲಿ ಬೆಳಕಿನ ಪಾಠ ಮಾಡುತ್ತ ಗಡಿಯಾರ ನೋಡಿದೆ.

ಶನಿವಾರ ಚೌತಿ. ಭಾನುವಾರ ಬೆಳಿಗ್ಗೆ ಗೋದಾವರಿ ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಮೇಲಿಟ್ಟು, ಚಕ್ಕುಲಿಯ ಡಬ್ಬಿ ಕೈಗೆ ಕೊಟ್ಟು, "ಅಂಕೋಲೆ ಬಸ್ಸು ಒಂಬತ್ತಕ್ಕದೆ. ಹೇಳದೆ ಬರ್ಬೇಡಿ," ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕೇಣಿಯಲ್ಲಿ ಇಳಿಯುವಾಗ ಒಂದೂ ನೆನಪಿರಲಿಲ್ಲ.

ತುಳಸಿದಾಸ ಅಂಗಳಕ್ಕೇ ಬಂದು ಕೈ ಹಿಡಿದುಕೊಂಡ. ನನಗಿಂತ ಹತ್ತು ವರ್ಷ ದೊಡ್ಡವನು, ಬಿಸಿಲಿಗೆ ಕರಿದಾದ ಮೈ, ಮಾಸ್ತರ ಎಂದರೆ ಈಗಲೂ ಎದ್ದು ನಿಲ್ಲುತ್ತಾನೆ. "ಬರ್ರಿ ಮಾಸ್ತರೆ, ಚಲೋ ಆಯ್ತು. ಇವ್ಳು ನಿಮ್ಮ ಸುದ್ದಿನೇ ಮಾಡ್ತಿದ್ಳು," ಎಂದ. ಅವನ ಹೆಂಡತಿ ಕಾಶಿ ಚಾ ತಂದಿಟ್ಟಳು. ಗೋಡೆಯ ಮೇಲೆ ನಾನು ಬರೆದ ಲೇಖನ, ಫ್ರೇಮ್ ಹಾಕಿಸಿ ತೂಗಿಹಾಕಿದ್ದರು. ಬೇರೆ ಕಡೆ ಮುಖ ಮಾಡಿ ಕೂತೆ.

ನೀತಾ ಸೊರಗಿದ್ದಳು, ಆದರೆ ಮುಖ ಹಗುರವಾಗಿತ್ತು. ದೊಡ್ಡ ಕೆಲಸ ಮುಗಿಸಿ ನಿದ್ದೆ ಮಾಡಿ ಎದ್ದವರ ಮುಖ ಅದು. ತುಳಸಿದಾಸ ಮಗಳಿಗೆ, "ಮಾಸ್ತರ ಎದುರು ಹೇಳು ಕಾಣ್ವಾ. ಐದ್ ವರ್ಷ ಎಂತಾ ಮಾಡ್ದೆ ಅಂತ ನಂಗೆ ಇನ್ನೂ ಸಮಾ ತಿಳೀಲಿಲ್ಲ," ಎಂದ.

"ದೊಡ್ಡ ನಕ್ಷತ್ರ ಬಾಳ ದಿನ ಬದುಕೂದಿಲ್ಲ ಬಾಬಾ," ಎಂದಳು ನೀತಾ. "ಇರೂ ತನಕ ಬಿರುಗಾಳಿ ಬಿಡ್ತದೆ, ಕಡಿಗೆ ಸಿಡೀತದೆ. ದೊಡ್ಡ ಗ್ಯಾಲಕ್ಸಿಗೆ ಅದು ಲೆಕ್ಕಕ್ಕಿಲ್ಲ. ಸಣ್ಣದಕ್ಕೆ ತನ್ನ ಅನಿಲ ಹಿಡ್ಕೊಳ್ಳೂ ಶಕ್ತಿ ಇಲ್ಲ. ಸಣ್ಣ ಚಟ್ಟಿಲಿ ಗಂಜಿ ಉಕ್ಕಿ ಒಲಿಗೆ ಬೀಳ್ತದಲ್ಲ, ಹಂಗೆ ಹೊರಗೆ ಹೋಗ್ತದೆ. ಮತ್ತೆ ಅಲ್ಲಿ ಹೊಸ ನಕ್ಷತ್ರ ಹುಟ್ಟೂಕೆ ಎಂತಾ ಉಳಿಯೂದಿಲ್ಲ."

ತುಳಸಿದಾಸ ಚಾದ ಲೋಟ ಕೆಳಗಿಟ್ಟ. "ಹೊರಗೇ ಹೋಗ್ತದೆ ಅಂತ ಹೆಂಗೆ ಗೊತ್ತು? ನಾವು ದೂರದಿಂದ ದೋಣಿ ಕಂಡ್ರೆ, ಅದು ಬರೂದೋ ಹೋಗೂದೋ ಸುಮಾರ್ ಹೊತ್ತು ತಿಳಿಯೂದಿಲ್ಲ," ಎಂದ.

"ಅದೇ ಬಾಬಾ ಐದು ವರ್ಷದ ಕೆಲಸ," ಎಂದು ನಕ್ಕಳು. "ಬರೂದು ಪ್ಲಸ್. ಮೋಡದ್ದು ಪ್ಲಸ್ ಹದಿನಾಲ್ಕು. ಸರ್ ಕಲಿಸಿದ್ದೇ."

ಇನ್ನು ತಡೆಯಲಾಗಲಿಲ್ಲ. "ನೀತಾ, ನಿನ್ನ ಪ್ರಬಂಧ ತೆಗೆ. ನೂರ ನಲವತ್ತಮೂರನೇ ಪುಟ. ಮೋಡದ ಸಾಲಿನ ಕಂಪನಸಂಖ್ಯೆ ನೋಡು," ಎಂದೆ.

ಅವಳು ಒಳಗಿನಿಂದ ಪ್ರತಿ ತಂದು ಪುಟ ತೆಗೆದಳು. ನಗು ಇನ್ನೂ ಮುಖದಲ್ಲೇ ಇತ್ತು. ಬೆರಳು ಸಾಲಿನ ಮೇಲೆ ಬಂದು ನಿಂತಿತು. ನಾನು ಕಲಿಸಿದ ಹುಡುಗಿ, ನನ್ನ ಹಾಗೆ ಮೂರು ಸಲ ಗುಣಿಸಲಿಲ್ಲ, ಒಮ್ಮೆ ನೋಡಿದ್ದು ಸಾಕಾಯಿತು. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಅಂಗಳ ನೋಡುತ್ತ ಕೂತಳು. "ತಿರುಗಿಸ್ಲಿಲ್ಲ," ಎಂದಳು. "ಎಲ್ಲಾ ತಿರುಗಿಸಿದ್ದೆ ಸರ್. ಇದೊಂದ್ ತಿರುಗಿಸ್ಲಿಲ್ಲ."

"ಎಂತಾ ಆಯ್ತು?" ಎಂದ ತುಳಸಿದಾಸ. ಕಾಶಿ ಬಾಗಿಲಿಗೆ ಬಂದು ನಿಂತಳು.

"ಕೊಡೂ ಮೊದಲೇ ಗೊತ್ತಾಗಿದ್ರೆ ಒಂದು ತಿಂಗಳು ವಾಯಿದೆ ಕೇಳಿ ತಿದ್ದಿ ಕೊಡ್ತಿದ್ದೆ," ನೀತಾ ತನ್ನಷ್ಟಕ್ಕೆ ಎಂಬಂತೆ ಹೇಳಿದಳು. "ಈಗ ಕೊಟ್ಟಾಯ್ತು. ವಾಪಸ್ ತಗೊಂಡ್ರೆ ಮತ್ತೆ ಮೊದಲಿಂದ. ವರ್ಷ ಹೋಗ್ತದೆ. ಗೋವಾದ ಕೆಲಸನೂ ಹೋಯ್ತು." ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಆದರೆ ದನಿ ಮೊದಲ ಬೆಂಚಿನದೇ. "ನಿಮ್ಗೆ ಯಾವಾಗ ಗೊತ್ತಾಯ್ತು ಸರ್?"

ನಿಜ ಹೇಳಲೆಂದೇ ಬಾಯಿ ತೆರೆದೆ, ದೇವರಾಣೆ. ತುಳಸಿದಾಸ ನನ್ನ ಮುಖವನ್ನೇ ನೋಡುತ್ತಿದ್ದ, ಅವನ ತಲೆಯ ಮೇಲೆ ಗೋಡೆಯಲ್ಲಿ ನನ್ನ ಫೋಟೋ. "ನಿನ್ನೆ," ಎಂದೆ.

"ನಿನ್ನೆನಾ?"

"ಹೌದು. ಹಬ್ಬದ ಪೂಜೆ ಮುಗಿಸಿ ಮತ್ತೊಮ್ಮೆ ಲೆಕ್ಕ ನೋಡುತ್ತಿದ್ದೆ. ಆಗ ಕಂಡಿತು."

ನೀತಾ ಎದ್ದು ಬಂದು ನನ್ನ ಕಾಲು ಮುಟ್ಟಿದಳು. "ನಿನ್ನೆ ಕಂಡು ಇವತ್ತು ಓಡಿ ಬಂದ್ರಲ್ಲ ಸರ್," ಎಂದು ಅಳತೊಡಗಿದಳು. ತುಳಸಿದಾಸನಿಗೆ ಏನೋ ಕೆಟ್ಟದಾಯಿತು ಎಂದಷ್ಟೇ ತಿಳಿದಿತ್ತು. ಅವನೂ ಕೈ ಮುಗಿದು, "ದೊಡ್ಡ ಮನ್ಸು ಮಾಸ್ತರೆ ನಿಮ್ದು," ಎಂದ. ಚಾ ಆರಿತ್ತು. ಅದನ್ನೇ ಗಟಗಟ ಕುಡಿದೆ.

ಮನೆಗೆ ಬಂದಾಗ ಗೋದಾವರಿ ಬಾಗಿಲಲ್ಲೇ ನಿಂತಿದ್ದಳು. "ಹೇಳಿದ್ರಾ?" ಎಂದಳು. ಹೇಳಿದೆ ಎಂದೆ. "ಎಲ್ಲಾ?" ಎಂದಳು. "ಹೇಳಿದೆ ಅಂದೆನಲ್ಲ," ಎಂದು ಸಿಡುಕಿದೆ. ನಾನು ಮತ್ತೆ ಸಿಡುಕಿದ್ದು ಕಂಡು ಅವಳಿಗೆ ಸಮಾಧಾನವಾಯಿತು. ಅವತ್ತು ಚೌತಿಯ ಉಳಿದ ಪಾಯಸ ಬಿಸಿ ಮಾಡಿ ಬಡಿಸಿದಳು.

ನೀತಾ ಆ ವಾರವೇ ಪುಣೆಗೆ ಹೋಗಿ ಪ್ರಬಂಧ ವಾಪಸ್ ತೆಗೆದುಕೊಂಡಳು. ಗೈಡು ರೇಗಿದರಂತೆ, ಚಿಹ್ನೆಯೂ ಬರದವಳು ಎಂದು ನಾಲ್ಕು ಜನರ ಮುಂದೆ ಹೇಳಿದರಂತೆ. ಗೋವೆಯ ಕೆಲಸ ಬೇರೆಯವರಿಗೆ ಹೋಯಿತು. ಸಂಸ್ಥೆಯವರು ಕೊಡುತ್ತಿದ್ದ ಸಂಬಳದ ಅವಧಿ ಮುಗಿದದ್ದರಿಂದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೇಲ್ವಿಚಾರಕಿಯಾಗಿದ್ದುಕೊಂಡು ಐದು ಗ್ಯಾಲಕ್ಸಿಗಳನ್ನೂ ಮತ್ತೆ ಮೊದಲಿಂದ ಅಳೆದಳು. ಅಪರೂಪಕ್ಕೊಮ್ಮೆ ಫೋನ್ ಮಾಡಿದಾಗ ದನಿ ಸೋತಿರುತ್ತಿತ್ತು. ಪ್ರತಿ ಸಲ ಇವತ್ತು ಹೇಳುತ್ತೇನೆ ಎಂದುಕೊಂಡು, ಚೆನ್ನಾಗಿ ಊಟ ಮಾಡು ಎಂದು ಫೋನ್ ಇಡುತ್ತಿದ್ದೆ. ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಮೂರು ಸಾಲು, ಒಳಪುಟದಲ್ಲಿ ಬಂತು, ಯಾರೂ ಓದಲಿಲ್ಲ.

ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ ಅವಳಿಗೆ ಡಾಕ್ಟರೇಟ್ ಬಂತು. ಹೊಸ ಪ್ರಬಂಧದ ಸಾರ ಹಳೆಯದಕ್ಕೆ ಬಹುಮಟ್ಟಿಗೆ ತಿರುಗುಮುರುಗು. ನಾಲ್ಕು ಗ್ಯಾಲಕ್ಸಿಗಳಲ್ಲಿ ಭಾರಿ ನಕ್ಷತ್ರಗಳು ಅನಿಲವನ್ನು ಕಲಕುವುದು ನಿಜ, ಆದರೆ ಕಲಕುವುದಕ್ಕೂ ಹೊರಗಟ್ಟುವುದಕ್ಕೂ ಅಂತರವಿದೆ, ಐದನೆಯದರಲ್ಲಂತೂ ಅನಿಲ ಒಳಗೆ ಬೀಳುತ್ತಲೇ ಇದೆ ಎಂದು. ಗಟ್ಟಿ ರಟ್ಟಿನ ಒಂದು ಪ್ರತಿ ನಮ್ಮ ಮನೆಗೂ ಬಂತು. ನಾನು ಮೊದಲು ಅನುಬಂಧ ತೆಗೆದು ಗುಣಿಸಿದೆ. ಎಲ್ಲ ಸರಿ ಇತ್ತು.

"ಮೊದಲ್ನೇ ಪುಟದಲ್ಲಿ ನಿಮ್ ಹೆಸರು ಕಂಡ ಹಾಗಾಯ್ತಪ್ಪ," ಎಂದಳು ಗೋದಾವರಿ. ಅವಳಿಗೆ ಇಂಗ್ಲಿಷಿನಲ್ಲಿ ನನ್ನ ಹೆಸರೊಂದೇ ಓದಲು ಬರುತ್ತದೆ. "ಎಂತಾ ಬರದಿದ್ಳು? ಕನ್ನಡದಲ್ಲಿ ಹೇಳಿ."

ಕನ್ನಡಕ ಹಾಕಿಕೊಂಡೆ. ಓದುತ್ತ ಓದುತ್ತ ಕನ್ನಡ ಮಾಡುತ್ತ ಹೋದೆ. ನಡುವೆ ಒಂದು ಮಾತನ್ನು ನುಂಗಿಬಿಡೋಣ ಎನಿಸಿತು, ಆದರೆ ಅದು ಮುಂದಿನ ಸಾಲಿನಲ್ಲೂ ಇತ್ತು, ಅದನ್ನು ಬಿಟ್ಟರೆ ವಾಕ್ಯವೇ ಉಳಿಯುತ್ತಿರಲಿಲ್ಲ. "ನನ್ನ ತಪ್ಪು ಕಂಡ ಮರುದಿನವೇ, ಹಬ್ಬ ಬಿಟ್ಟು, ಬಸ್ಸು ಹಿಡಿದು ನಮ್ಮ ಮನೆಗೆ ಬಂದು ಹೇಳಿದ ರಾಮನಾಥ ಸರ್ ಅವರಿಗೆ ಇದು ಅರ್ಪಣೆ. ಈ ಒಂದೂವರೆ ವರ್ಷದಲ್ಲಿ ಎಲ್ಲ ಬಿಟ್ಟು ಊರಿಗೆ ಹೋಗಿಬಿಡಬೇಕು ಎನಿಸಿದಾಗಲೆಲ್ಲ ನಾನು ಆ ಮರುದಿನವನ್ನು ನೆನೆಸಿಕೊಂಡೆ."

ಗೋದಾವರಿಯ ಕೈಯಲ್ಲಿ ಬಸಳೆಯ ಕಟ್ಟು ಇತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟಳು. ನನ್ನನ್ನು ನೋಡಲಿಲ್ಲ, ಪುಸ್ತಕದ ಆ ಪುಟವನ್ನು ನೋಡಿದಳು.

"ಇನ್ನೊಂದ್ ಸಲ ಓದಿ," ಎಂದಳು.

ನನ್ನಿಂದ ಆಗಲಿಲ್ಲ.